ನಾಳೆಯಕ್ಕ ಬರೆದ ಎರಡನೇ ಸಾಲು

ಮೇಜು ಯಾವಾಗ ಸಿಗುತ್ತದೆ ಎಂದು ಯಾರೇ ಬಂದು ಕೇಳಲಿ, ಅವಳ ಬಾಯಿಂದ ಬರುತ್ತಿದ್ದದ್ದು ಒಂದೇ ಮಾತು: ನಾಳೆ. ಮನೆ ಬದಲಾಯಿಸುತ್ತಿದ್ದೇವೆ, ಲಾರಿ ಬಾಗಿಲಲ್ಲೇ ನಿಂತಿದೆ ಎಂದು ಗೋಗರೆದರೂ ನಾಳೆ. ಮರುದಿನ ಬಂದರೆ ಇನ್ನೊಂದು ನಾಳೆ ಸಿದ್ಧವಾಗಿರುತ್ತಿತ್ತು. ಹೀಗೆ ಬೀದಿಗೆಲ್ಲ ಅವಳು ನಾಳೆಯಕ್ಕ ಆಗಿಹೋದಳು. ಪೋಸ್ಟ್‌ಮ್ಯಾನ್ ಕೂಡ ಹಾಗೆಯೇ ಕೂಗುತ್ತಿದ್ದ. ಅವಳೂ ಅದಕ್ಕೇ ಓಗೊಡುತ್ತಿದ್ದಳು.

ಅವಳದು ಪಾಲಿಶ್ ಕೆಲಸ. ತಮ್ಮ ಬಡಗಿ. ಇಬ್ಬರಿಗೂ ಒಂದೇ ಶೆಡ್ಡು, ನಡುವೆ ಧೂಳು ದಾಟದ ಹಾಗೆ ದಪ್ಪ ಪ್ಲಾಸ್ಟಿಕ್ ಪರದೆ. ಆಚೆ ಗರಗಸದ ಕಿರುಚಾಟ, ಈಚೆ ವಾರ್ನಿಶ್ ವಾಸನೆ. ತಮ್ಮ ಮಾಡಿ ಮುಗಿಸಿದ್ದು ಪರದೆ ದಾಟಿ ಬಂದರೆ ಅವಳು ಸ್ಯಾಂಡ್‌ಪೇಪರಿನಿಂದ ಉಜ್ಜಿ ಉಜ್ಜಿ ಮಗುವಿನ ಕೆನ್ನೆಯಂತೆ ಮಾಡಿ, ಒಂದು ಕೋಟು ಬಳಿದು, ಆಮೇಲೆ ಕೈಕಟ್ಟಿ ಕೂರುತ್ತಿದ್ದಳು. ಒಣಗಿತೇ ಎಂದು ನೋಡಲು ಬೆರಳಿನ ಹಿಂಬದಿಯನ್ನು ಮೆಲ್ಲಗೆ ತಾಗಿಸಿ ಮೂಗಿಗೆ ಹಿಡಿಯುತ್ತಿದ್ದಳು. ವಾಸನೆ ಬಂತೋ, ಒಳಗೆ ಇನ್ನೂ ಹಸಿ. ಪ್ರತಿ ಮೇಜಿನ ತಳದಲ್ಲೂ ಸೀಮೆಸುಣ್ಣದಲ್ಲಿ ಒಂದು ಸಾಲು ಬರೆದಿರುತ್ತಿತ್ತು: ತಾರೀಕು, ಗಂಟೆ, ‘ಇದಕ್ಕಿಂತ ಮೊದಲು ಮುಟ್ಟಬೇಡಿ’.

ತಮ್ಮ ಆ ಸಾಲನ್ನು ಮೀರಿದ್ದು ಒಂದೇ ಸಲ. ಗಿರಾಕಿಯ ಕಾಟ ತಾಳಲಾರದೆ, ಅಕ್ಕ ಊರಲ್ಲಿಲ್ಲದ ದಿನ ನೋಡಿ, ಒಂದು ದುಂಡು ಮೇಜಿನ ಮೇಲೆ ದೊಡ್ಡ ಬಲ್ಬು ಇಳಿಬಿಟ್ಟು, ಪಕ್ಕದಲ್ಲಿ ಫ್ಯಾನು ತಿರುಗಿಸಿದ. ಎರಡೇ ಗಂಟೆಯಲ್ಲಿ ಮೇಲ್ಮೈ ಗಾಜಿನ ಹಾಗೆ ಒಣಗಿತು. ಅದರ ಮೇಲೆ ಎರಡನೇ ಕೋಟು ಬಳಿದು ಕಳಿಸಿಯೇಬಿಟ್ಟ. ವಾರ ಕಳೆಯುವುದರೊಳಗೆ ಮೇಜು ವಾಪಸು ಬಂತು, ಮೈತುಂಬ ಸುಕ್ಕು. ಹಾಲಿನ ಕೆನೆಯಂತೆ ಮೇಲೆ ಪದರ ಕಟ್ಟಿತ್ತು, ಕೆಳಗೆಲ್ಲ ಹಸಿ. ಅಕ್ಕ ಬೈಯಲಿಲ್ಲ. ಕೆರೆಯುವ ತಗಡು ಕೊಟ್ಟು, ಎರಡು ದಿನ ಅವನ ಕೈಯಲ್ಲೇ ಅಷ್ಟನ್ನೂ ಕೆರೆಸಿದಳು. ಅಂದಿನಿಂದ ಆ ಮನೆಯಲ್ಲಿ ಯಾರಾದರೂ ಆತುರಪಟ್ಟರೆ ‘ದುಂಡು ಮೇಜು’ ಎಂದರೆ ಸಾಕಿತ್ತು. ಹಾಲು ಉಕ್ಕಿಸಿದ ತಮ್ಮನ ಹೆಂಡತಿಗೂ ಅದೇ ಬೈಗುಳ.

ನಲವತ್ತೆಂಟನೇ ವಯಸ್ಸಿನಲ್ಲಿ ಅಕ್ಕನ ಕೆಳದವಡೆಯಲ್ಲಿ ಒಂದು ಮುರುಕು ಹಲ್ಲಿನ ಪಕ್ಕ ಹುಣ್ಣಾಯಿತು. ಡಾಕ್ಟರಿಗೆ ತೋರಿಸು ಎಂದರೆ, ಹೇಳಬೇಕೇ, ನಾಳೆ. ಆ ನಾಳೆ ನಾಲ್ಕು ತಿಂಗಳು ಎಳೆಯಿತು. ಕೊನೆಗೆ ತೋರಿಸಿದಾಗ ಹುಣ್ಣು ಕ್ಯಾನ್ಸರ್ ಎಂದು ಗೊತ್ತಾಯಿತು, ಮೂಳೆಗೂ ಇಳಿದಿತ್ತು.

ಸರ್ಜನ್ ಹೆಂಗಸು. ಕುಳ್ಳಗೆ, ಚುರುಕಾಗಿ ಮಾತಾಡುವವಳು. ಕಾಗದದ ಮೇಲೆ ಚಿತ್ರ ಬರೆದು ತೋರಿಸಿದಳು. ದವಡೆಯಲ್ಲಿ ಇಷ್ಟು ತುಂಡು ತೆಗೆಯಬೇಕು. ಕಾಲಿನಲ್ಲಿ ಎರಡು ಮೂಳೆಗಳಿವೆ, ಅವುಗಳಲ್ಲಿ ತೆಳ್ಳಗಿನ ಮೂಳೆಯಿಂದ ಒಂದು ತುಂಡನ್ನು ಅದರ ರಕ್ತನಾಳ, ಸ್ವಲ್ಪ ಚರ್ಮದ ಸಮೇತ ತಂದು, ದವಡೆಯ ಆಕಾರಕ್ಕೆ ಕತ್ತರಿಸಿ, ಇಲ್ಲಿ ಕೂರಿಸಿ, ಕತ್ತಿನ ರಕ್ತನಾಳಕ್ಕೆ ಹೊಲಿಯಬೇಕು. ಹೊಲಿಗೆ ಹಾಕುವುದು ಸೂಕ್ಷ್ಮದರ್ಶಕದಲ್ಲಿ, ಕೂದಲಿಗಿಂತ ಸಣ್ಣ ದಾರದಲ್ಲಿ. ತಮ್ಮ ಚಿತ್ರವನ್ನು ತಿರುಗಿಸಿ ತಿರುಗಿಸಿ ನೋಡಿ, ಕೀಲಿನ ಕಡೆ ಕೋನ ಸರಿಯಾಗಿ ಕೂರುತ್ತದಾ ಎಂದು ಕೇಳಿದ. ಆ ಪ್ರಶ್ನೆ ಇದುವರೆಗೆ ಯಾವ ಸಂಬಂಧಿಕರೂ ಕೇಳಿಲ್ಲ ಎಂದು ಸರ್ಜನ್ ನಕ್ಕಳು.

ಆಪರೇಷನ್ ಹನ್ನೊಂದು ಗಂಟೆ ಹಿಡಿಯಿತು. ಕಿವಿಗೆ ಸಿಕ್ಕಿಸಿಕೊಂಡ ಪೆನ್ಸಿಲನ್ನು ತಮ್ಮ ತೆಗೆಯಲೂ ಇಲ್ಲ, ಕೂರಲೂ ಇಲ್ಲ. ಕಾರಿಡಾರಿನ ಉದ್ದ ಎಷ್ಟು ಹೆಜ್ಜೆ ಎಂದು ಕೇಳಿದರೆ ಅವನು ಇಂದಿಗೂ ಹೇಳಬಲ್ಲ. ಹೊಸ ದವಡೆಗೆ ರಕ್ತ ಹರಿಯಿತು, ಕೆಂಪಾಯಿತು, ಬದುಕಿತು. ಮೊದಲ ದಿನಗಳಲ್ಲಿ ಗಂಟೆಗೊಮ್ಮೆ ನರ್ಸ್ ಬಂದು ಬಾಯೊಳಗಿನ ಹೊಸ ಚರ್ಮವನ್ನು ಒತ್ತಿ, ಬಿಳಿಚಿದ್ದು ಎಷ್ಟು ಬೇಗ ಕೆಂಪಾಗುತ್ತದೆ ಎಂದು ನೋಡುತ್ತಿದ್ದಳು. ಬೆರಳಲ್ಲಿ ಒತ್ತಿ ನೋಡುವ ವಿದ್ಯೆ ಇಲ್ಲಿಯೂ ಇದೆಯಲ್ಲ ಎಂದು ಅಕ್ಕನಿಗೆ ಸಮಾಧಾನವಾಯಿತು.

ಮಾತು ಇನ್ನೂ ಬಂದಿರಲಿಲ್ಲ. ತಮ್ಮ ಒಂದು ಪ್ಲೈವುಡ್ ತುಂಡಿಗೆ ಕಪ್ಪು ಬಣ್ಣ ಬಳಿದು ಸೀಮೆಸುಣ್ಣ ತಂದುಕೊಟ್ಟ. ಅಂಚನ್ನು ಸರಿಯಾಗಿ ಉಜ್ಜಿಲ್ಲ ಎಂಬುದೇ ಅವಳು ಅದರ ಮೇಲೆ ಬರೆದ ಮೊದಲ ಮಾತು.

ಮನೆಗೆ ಕಳಿಸುವ ದಿನ ಸರ್ಜನ್ ಮಂಚದ ತುದಿಯಲ್ಲಿ ಕುಳಿತು ಇನ್ನೊಂದು ಲೆಕ್ಕ ಹೇಳಿದಳು. ಇನ್ನು ರೇಡಿಯೇಷನ್ ಕೊಡಬೇಕು. ಕಣ್ಣಿಗೆ ಕಾಣದ ಚೂರುಪಾರು ಕ್ಯಾನ್ಸರ್ ಉಳಿದಿದ್ದರೆ ಅದನ್ನು ಸುಡುವುದು ಆ ಕಿರಣ.

“ಗಾಯ ಮಾಯೋದಕ್ಕೆ ಮುಂಚೆ ಕೊಟ್ರೆ ಗಾಯ ಹಾಗೇ ಬಾಯಿ ಬಿಟ್ಕೊಂಡು ಕೂತುಬಿಡುತ್ತೆ. ಹೊಸ ಚರ್ಮ ಬೆಳೆಯೋ ಶಕ್ತೀನೇ ಆ ಕಿರಣ ಕಮ್ಮಿ ಮಾಡುತ್ತೆ,” ಎಂದಳು. “ಹಾಗಂತ ತಡ ಮಾಡಿದ್ರೆ ಉಳಿದಿರೋ ಕ್ಯಾನ್ಸರ್ ಮತ್ತೆ ತಲೆ ಎತ್ತುತ್ತೆ. ಆಪರೇಷನ್ ಆಗಿ ನಾಲ್ಕು ವಾರ ಆಗ್ಲಿ, ಆರು ವಾರ ದಾಟಬಾರದು. ನಲವತ್ತೆರಡನೇ ದಿನದೊಳಗೆ ನೀವು ಆ ಮೆಷಿನ್ ಕೆಳಗೆ ಮಲಗಿರಬೇಕು ಅಮ್ಮ.”

ಅಕ್ಕ ಹಲಗೆ ಎತ್ತಿಕೊಂಡು ಎರಡು ಸಾಲು ಬರೆದಳು. ‘28ಕ್ಕಿಂತ ಮೊದಲು ಬೇಡ.’ ಅದರ ಕೆಳಗೆ, ‘42 ದಾಟಬಾರದು.’ ಮೊದಲ ಸಾಲು ಅವಳ ಕೈಗೆ ಅಭ್ಯಾಸವಾದದ್ದು. ಎರಡನೆಯದನ್ನು ಅವಳು ಜೀವಮಾನದಲ್ಲೇ ಬರೆದಿರಲಿಲ್ಲ. ತಮ್ಮ ಅದನ್ನು ಓದಿ, ಇಪ್ಪತ್ತು ವರ್ಷದಿಂದ ನಾನು ಕೇಳಿದ್ದು ಇದನ್ನೇ, ಕೊನೆಗೆ ಡಾಕ್ಟರ ಕೈಲಿ ಹೇಳಿಸಬೇಕಾಯಿತು ಎಂದು ಗೊಣಗಿದ.

ಮನೆಯಲ್ಲಿ ಮೂಗಿನ ನಳಿಕೆಯಿಂದ ಊಟ. ಹಾಲು, ಮೊಟ್ಟೆ, ಬೇಳೆಯ ಕಟ್ಟು ಎಲ್ಲವನ್ನೂ ಅರೆದು ಸೋಸಿ ತಮ್ಮನ ಹೆಂಡತಿ ದಿನಕ್ಕೆ ಎಂಟು ಲೋಟ ಮಾಡಿಡುತ್ತಿದ್ದಳು. ನಳಿಕೆಗೆ ಸುರಿದುಕೊಳ್ಳುವುದು ಅಕ್ಕನೇ. ಹಲಗೆ ಕಿಟಕಿಯ ಪಕ್ಕ ನಿಂತಿತ್ತು, ಎರಡು ಸಾಲಿನ ಕೆಳಗೆ ಆಪರೇಷನ್ ದಿನದಿಂದ ಎಣಿಸಿ ದಿನಕ್ಕೊಂದು ಗೀಟು.

ಹದಿನೇಳನೇ ಗೀಟಿನ ದಿನ ಗದ್ದದ ಕೆಳಗಿನ ಹೊಲಿಗೆಯಲ್ಲಿ ಒಂದು ಕಡೆ ಬಾಯಿ ಬಿಟ್ಟಿತು. ಹೆಸರುಕಾಳು ಹಿಡಿಸುವಷ್ಟು ಸಣ್ಣ ತೂತು. ಒಳಗಿನಿಂದ ನೀರಿನಂಥದ್ದು ಜಿನುಗುತ್ತಿತ್ತು. ಸರ್ಜನ್ ನೋಡಿ, ಇದು ಬಾಯೊಳಗಿನವರೆಗೆ ಹೋಗಿಲ್ಲ, ಜೋಡಿಸಿದ ರಕ್ತನಾಳಕ್ಕೂ ಏನೂ ಆಗಿಲ್ಲ, ಡ್ರೆಸ್ಸಿಂಗಿನಲ್ಲೇ ಮಾಯುತ್ತದೆ ಎಂದಳು. ಡ್ರೆಸ್ಸಿಂಗ್ ಕೋಣೆಯ ಸಿಸ್ಟರ್ ಉಪ್ಪುನೀರಿನಲ್ಲಿ ನೆನೆಸಿದ ಬಟ್ಟೆಯ ಪಟ್ಟಿಯನ್ನು ಮೆಲ್ಲಗೆ ತೂತಿನೊಳಗೆ ಇಳಿಸಿ, ಮೇಲೆ ಪಟ್ಟಿ ಅಂಟಿಸಿ, ಇದನ್ನು ಮನೆಯಲ್ಲಿ ಬಿಚ್ಚಬಾರದು, ದಿನ ಬಿಟ್ಟು ದಿನ ಬನ್ನಿ ಎಂದಳು. ಸಿಸ್ಟರ್‌ಗೆ ರಿಟೈರ್ ಆಗುವ ವಯಸ್ಸು, ಕಣ್ಣಲ್ಲೇ ಗದರಿಸುವ ಅಭ್ಯಾಸ.

ಅಕ್ಕನಿಗೆ ಅದು ಸುತರಾಂ ಹಿಡಿಸಲಿಲ್ಲ. ಮೂವತ್ತು ವರ್ಷ ಒಣಗಿಸುವುದನ್ನೇ ಕಸುಬು ಮಾಡಿಕೊಂಡವಳು ಅವಳು. ಒದ್ದೆ ಇರುವ ಕಡೆಗೆ ಇನ್ನಷ್ಟು ಒದ್ದೆ ತುರುಕುವುದು ಯಾವ ಸೀಮೆ ವಿದ್ಯೆ? ನಲವತ್ತೆರಡು ಬೇರೆ ಕಣ್ಣಮುಂದೆ ಕುಣಿಯುತ್ತಿತ್ತು. ಮರುದಿನ ಬೆಳಗ್ಗೆ ತಮ್ಮ ಶೆಡ್ಡಿಗೆ, ಅವನ ಹೆಂಡತಿ ಅಂಗಡಿಗೆ ಹೋದ ಮೇಲೆ ಅಕ್ಕ ಪಟ್ಟಿ ಬಿಚ್ಚಿದಳು. ಓದುವ ದೀಪವನ್ನು ಗದ್ದದ ಹತ್ತಿರಕ್ಕೆ ಬಗ್ಗಿಸಿದಳು. ಟೇಬಲ್ ಫ್ಯಾನ್ ಹಾಕಿದಳು. ಕತ್ತನ್ನು ಹಿಂದಕ್ಕೆ ಚಾಚಿ ಒಂದು ಗಂಟೆ ಕೂತಳು. ಸಂಜೆ ಇನ್ನೊಂದು ಗಂಟೆ. ಆಪರೇಷನ್ನಿನಲ್ಲಿ ನರ ಕತ್ತರಿಸಿದ್ದರಿಂದ ಗದ್ದಕ್ಕೆ ಸ್ಪರ್ಶವೇ ಇರಲಿಲ್ಲ, ಬಿಸಿಯೂ ತಾಗಲಿಲ್ಲ, ನೋವೂ ತಿಳಿಯಲಿಲ್ಲ. ಆಸ್ಪತ್ರೆಗೆ ಹೋಗುವ ದಿನ ಮಾತ್ರ ಪಟ್ಟಿಯನ್ನು ಒದ್ದೆ ಮಾಡಿ ಅಂಟಿಸಿಕೊಂಡು ಏನೂ ಅರಿಯದವಳಂತೆ ಹೋಗುತ್ತಿದ್ದಳು. ಹಗಲಲ್ಲಿ ದೀಪ ಯಾಕೆ ಅತ್ತಿಗೆ ಎಂದು ತಮ್ಮನ ಹೆಂಡತಿ ಒಮ್ಮೆ ಕೇಳಿದ್ದಕ್ಕೆ, ಓದೋಕೆ ಎಂದು ಬರೆದು ತೋರಿಸಿದಳು. ಪಕ್ಕದಲ್ಲಿದ್ದ ಪುಸ್ತಕ ತಲೆಕೆಳಗಾಗಿತ್ತು.

ಇಪ್ಪತ್ತಾರನೇ ದಿನ ಕನ್ನಡಿ ಹಿಡಿದು ನೋಡಿದರೆ ತೂತು ಮಾಯವಾಗಿತ್ತು. ಅಚ್ಚುಕಟ್ಟಾದ ಹಕ್ಕಳೆ, ಮೇಲೆ ತೆಳ್ಳನೆಯ ಗುಲಾಬಿ ಚರ್ಮ. ಅಕ್ಕ ಬೆರಳಿನ ಹಿಂಬದಿ ತಾಗಿಸಿ ಮೂಗಿಗೆ ಹಿಡಿದಳು. ವಾಸನೆಯಿಲ್ಲ. ಮರುದಿನ ಹಲಗೆಯ ಮೇಲೆ ದೊಡ್ಡದಾಗಿ ‘ಒಣಗಿದೆ’ ಎಂದು ಬರೆದು, ಅದನ್ನು ಎದೆಗವಚಿಕೊಂಡು, ಗೆದ್ದ ಪೈಲ್ವಾನನ ನಡಿಗೆಯಲ್ಲಿ, ಅಂದರೆ ಆ ಕಟ್ಟು ಹಾಕಿದ ಕಾಲಿನಲ್ಲಿ ಎಷ್ಟು ಸಾಧ್ಯವೋ ಅಷ್ಟು ಗತ್ತಿನಲ್ಲಿ ಆಸ್ಪತ್ರೆಗೆ ಹೋದಳು. ಪಕ್ಕದಲ್ಲಿ ತಮ್ಮ.

ಸರ್ಜನ್ ನೋಡಿದಳು. ಚೆನ್ನಾಗಿದೆ ಎನ್ನಲಿಲ್ಲ. ಗ್ಲೌಸ್ ಹಾಕಿದ ಹೆಬ್ಬೆರಳನ್ನು ಗದ್ದದ ಕೆಳಗೆ ಇಟ್ಟು ಹಿಂದಿನಿಂದ ಮುಂದಕ್ಕೆ ಮೆಲ್ಲಗೆ ಒತ್ತಿಕೊಂಡು ಬಂದಳು. ಹಕ್ಕಳೆಯ ಅಂಚು ಸೀಳಿ ಒಂದು ಮಂಕು ಹನಿ ಹೊರಗೆ ಬಂತು. ಅದರ ಹಿಂದೆ ಇನ್ನೊಂದು.

“ಮೇಲೆ ಮುಚ್ಚಿದೆ, ಕೆಳಗೆ ಖಾಲಿ ಉಳಿದಿದೆ,” ಎಂದಳು ಸರ್ಜನ್. “ಗಾಯ ತಳದಿಂದ ತುಂಬ್ಕೊಂಡು ಬರಬೇಕು. ಒದ್ದೆ ಪಟ್ಟಿ ಹಾಕೋದು ಅದಕ್ಕೇನೇ. ಇದನ್ನ ಯಾರು ಒಣಗಿಸಿದ್ರು?”

ತಮ್ಮ ಸೂರು ನೋಡುತ್ತ ನಿಂತ, ಆದರೆ ಅವನ ಭುಜ ನಗುವಿಗೆ ಅಲುಗುತ್ತಿತ್ತು. ಅಕ್ಕನ ಮುಖ ಮೊದಲು ಕೆಂಪಾಯಿತು, ಆಮೇಲೆ ಇಳಿದುಹೋಯಿತು. ಹಲಗೆಯ ಮೇಲಿನ ‘ಒಣಗಿದೆ’ಯನ್ನು ಸೆರಗಿನಿಂದ ಒರೆಸಿ, ನಿಧಾನವಾಗಿ ಬರೆದಳು: ‘ನಾನೇ. ದೀಪ, ಫ್ಯಾನು.’ ಆಮೇಲೆ ಅದರ ಕೆಳಗೆ: ‘ದುಂಡು ಮೇಜು.’

ಏನಿದು ಮೇಜು ಎಂದು ಸರ್ಜನ್ ಕೇಳಿದಾಗ ತಮ್ಮ ಆ ಕತೆಯನ್ನು ಕೆರೆಯುವ ತಗಡಿನ ಸಮೇತ ಹೇಳಿದ. ಸಿಸ್ಟರ್ ನಗು ತಡೆಯಲಾರದೆ ಗೋಡೆಯ ಕಡೆ ತಿರುಗಿಕೊಂಡಳು. ನಗು ಮುಗಿದ ಮೇಲೆ ಉಳಿದದ್ದು ಲೆಕ್ಕ. ಹಕ್ಕಳೆ ತೆಗೆದು ತೂತನ್ನು ಮತ್ತೆ ತೆರೆದರು. ಸಿಸ್ಟರ್ ಹತ್ತಿ ಸುತ್ತಿದ ಕಡ್ಡಿ ಇಳಿಸಿ ಆಳ ಅಳೆದಳು: ಹದಿನಾಲ್ಕು ಮಿಲಿಮೀಟರ್. ಅಂದು ಇಪ್ಪತ್ತೇಳನೇ ದಿನ. ಉಳಿದದ್ದು ಹದಿನೈದು.

ಸರ್ಜನ್ ಫೋನಿನಲ್ಲಿ ರೇಡಿಯೇಷನ್ ಡಾಕ್ಟರ ಜೊತೆ ಬಹಳ ಹೊತ್ತು ಮಾತಾಡಿದಳು. ಗಾಯ ಮಾಯುವವರೆಗೆ ಕಾದು ಆಮೇಲೆ ತಯಾರಿ ಶುರುಮಾಡಿದರೆ ಒಂದು ವಾರ ಅದಕ್ಕೇ ಹೋಗುತ್ತದೆ. ಹಾಗಾಗಿ ಮುಖದ ಅಚ್ಚು, ಸ್ಕ್ಯಾನು, ಕಿರಣದ ಲೆಕ್ಕಾಚಾರ ಎಲ್ಲ ಈಗಲೇ ಶುರುವಾಗಲಿ, ನಲವತ್ತೊಂದನೇ ದಿನ ಮೆಷಿನ್ ಇವರಿಗೇ ಮೀಸಲಿರಲಿ, ನಲವತ್ತನೇ ದಿನ ನಾನು ಗಾಯ ನೋಡಿ ಹೇಳುತ್ತೇನೆ ಎಂದು ತೀರ್ಮಾನವಾಯಿತು. ಮುಚ್ಚಿರದಿದ್ದರೆ ಎಂದು ತಮ್ಮ ಕೇಳಿದ. ಅವಳು ಸುಳ್ಳು ಹೇಳಲಿಲ್ಲ. ಆಗ ಎರಡು ಕೆಟ್ಟದ್ದರಲ್ಲಿ ಒಂದನ್ನು ಆರಿಸಬೇಕಾಗುತ್ತದೆ ಎಂದಳು.

ಅಂದು ಮನೆಗೆ ಬಂದವಳೇ ಅಕ್ಕ ಓದುವ ದೀಪದ ಬಲ್ಬನ್ನು ಬಿಚ್ಚಿ ತಮ್ಮನ ಕೈಗೆ ಕೊಟ್ಟಳು.

ಮರುದಿನ ಅಚ್ಚು ತೆಗೆಯುವ ಕೋಣೆಯಲ್ಲಿ ಬಿಸಿನೀರಿನಿಂದ ತೆಗೆದ, ಬಲೆಯಂಥ ಮೆತ್ತನೆಯ ಹಾಳೆಯೊಂದನ್ನು ಅವಳ ಮುಖದ ಮೇಲೆ ಎಳೆದು ಒತ್ತಿದರು. ಅದು ಆರುತ್ತ ಆರುತ್ತ ಗಟ್ಟಿಯಾಗಿ ಅವಳದೇ ಮುಖವಾಯಿತು. ಹೊಸ ದವಡೆಯ ಕೋನ ಸಮೇತ. ಬೇರೆಯವರು ಆ ಮುಖವಾಡಕ್ಕೆ ಹೆದರುತ್ತಾರಂತೆ. ಅಕ್ಕ ಅದರ ಅಂಚನ್ನು ಬೆರಳಿನಲ್ಲಿ ಸವರಿ ನೋಡಿ, ಈ ಕೆಲಸ ಮಾಡಿದವರಿಗೆ ಕೈಚಳಕ ಇದೆ ಎಂದು ಬರೆದು ತೋರಿಸಿದಳು.

ಆಳದ ಲೆಕ್ಕ ಹಲಗೆಗೆ ಏರಿತು. ಇಪ್ಪತ್ತೊಂಬತ್ತನೇ ದಿನ ಹನ್ನೆರಡು. ಮೂವತ್ತೊಂದಕ್ಕೆ ಒಂಬತ್ತು. ಮೂವತ್ತಮೂರಕ್ಕೆ ಏಳು. ಮನೆಯಲ್ಲಿ ಕ್ರಿಕೆಟ್ ಸ್ಕೋರ್ ಕೇಳುವ ಹಾಗೆ ಎಲ್ಲರೂ ಕೇಳುವವರೇ. ಪೋಸ್ಟ್‌ಮ್ಯಾನ್ ಗೇಟಿನಲ್ಲೇ ಎಷ್ಟಾಯಿತಕ್ಕ ಎಂದರೆ ಅವಳು ಬೆರಳು ಎತ್ತಿ ತೋರಿಸುತ್ತಿದ್ದಳು. ಮೂವತ್ತೈದನೇ ದಿನ ಏಳೇ ಇತ್ತು. ಮೂವತ್ತೇಳನೇ ದಿನವೂ ಏಳು. ಪೋಸ್ಟ್‌ಮ್ಯಾನ್ ಅಂದು ಏನೂ ಕೇಳದೆ ಕಾಗದ ಇಟ್ಟು ಹೋದ.

ಅಂದೇ ಡ್ರೆಸ್ಸಿಂಗ್ ಕೋಣೆಯಲ್ಲಿ ಸಿಸ್ಟರ್ ಕಡ್ಡಿ ಕೆಳಗಿಟ್ಟು ಅಕ್ಕನನ್ನು ದಿಟ್ಟಿಸಿದಳು. ಪಟ್ಟಿ ಬಿಚ್ಚಿಲ್ಲ, ಅದು ಗೊತ್ತಾಗುತ್ತದೆ, ಸೋಂಕೂ ಇಲ್ಲ. ಗಾಯ ತುಂಬಲು ಒಳಗೆ ಸಾಮಾನು ಬೇಕಲ್ಲ, ದಿನಕ್ಕೆ ಎಷ್ಟು ಲೋಟ ಹೋಗುತ್ತಿದೆ ಎಂದು ಕೇಳಿದಳು. ಜೊತೆಗೆ ಬಂದಿದ್ದ ತಮ್ಮನ ಹೆಂಡತಿ ತಟ್ಟನೆ ಎಂಟು ಎಂದಳು. ಅಕ್ಕ ಮಾತ್ರ ಕಿಟಕಿಯ ಆಚೆ ಏನೋ ಬಹಳ ಮುಖ್ಯವಾದದ್ದು ಕಂಡವಳಂತೆ ನೋಡುತ್ತಿದ್ದಳು.

“ಅತ್ತಿಗೆ,” ಎಂದಳು ತಮ್ಮನ ಹೆಂಡತಿ, ನಿಧಾನಕ್ಕೆ. “ಕಿಟಕಿ ಹತ್ರ ಇರೋ ಆ ಗಿಡದ ಕುಂಡಕ್ಕೆ ಒಂದು ವಾರದಿಂದ ಇರುವೆ ಯಾಕೆ ಮುತ್ತಿದೆ?”

ಹೊಟ್ಟೆ ಉಬ್ಬರಿಸುತ್ತದೆ, ಎಂಟು ಹಿಡಿಯುವುದಿಲ್ಲ, ಐದೇ ಹೋಗುವುದು ಎಂದು ಹಲಗೆಯ ಮೇಲೆ ತಪ್ಪೊಪ್ಪಿಗೆ ಬಂತು. ಇಷ್ಟು ದಿನ ಯಾರ ಮುಂದೆಯೂ ದನಿ ಎತ್ತದ ತಮ್ಮನ ಹೆಂಡತಿ ಅಂದು ಎತ್ತಿದಳು.

“ನಾನು ಬೆಳಗಾಗೆದ್ದು ಅರೆಯೋದು ಆ ಗಿಡಕ್ಕಲ್ಲ. ನೀವು ಹೋದ್ರೆ ಆ ಶೆಡ್ಡಲ್ಲಿ ಪರದೆ ಈಚೆಗೆ ಯಾರು ಕೂರ್ತಾರೆ? ಇವರಾ? ಬಲ್ಬ್ ಇಟ್ಕೊಂಡಾ?”

ಬೈಗುಳದ ಕೊನೆಯ ಭಾಗ ಗಂಡನ ಪಾಲಿಗೂ ಬಿತ್ತು. ಅಕ್ಕ ತಲೆ ತಗ್ಗಿಸಿದಳು. ಸಿಸ್ಟರ್ ಉಪಾಯ ಹೇಳಿಕೊಟ್ಟಳು: ಎಂಟು ದೊಡ್ಡ ಲೋಟದ ಬದಲು ಹದಿನಾರು ಅರ್ಧ ಲೋಟ, ನಿಧಾನಕ್ಕೆ, ಕೂತುಕೊಂಡು. ಅಂದಿನಿಂದ ತಮ್ಮನ ಹೆಂಡತಿ ಎದುರಿಗೆ ಸ್ಟೂಲ್ ಹಾಕಿಕೊಂಡು ಕೂತು, ಪ್ರತಿ ಅರ್ಧ ಲೋಟ ಇಳಿಯುವವರೆಗೆ ಕದಲುತ್ತಿರಲಿಲ್ಲ. ಗಿಡ ಸೊರಗತೊಡಗಿತು. ಅಕ್ಕನ ಕೆನ್ನೆಗೆ ಬಣ್ಣ ಬಂತು.

ಮೂವತ್ತೊಂಬತ್ತನೇ ದಿನ ಮೂರು.

ನಲವತ್ತನೇ ದಿನ ಬೆಳಗ್ಗೆ ಡ್ರೆಸ್ಸಿಂಗ್ ಕೋಣೆಯಲ್ಲಿ ಸರ್ಜನ್, ರೇಡಿಯೇಷನ್ ಡಾಕ್ಟರ್, ಸಿಸ್ಟರ್, ತಮ್ಮ, ಅವನ ಹೆಂಡತಿ, ಐದು ಜನ ಒಂದು ಗದ್ದದ ಸುತ್ತ ಬಗ್ಗಿ ನಿಂತರು. ಪಟ್ಟಿ ತೆಗೆದರೆ ಅಲ್ಲಿ ತೂತಿರಲಿಲ್ಲ. ಕೆಂಪಗಿನ ಒಂದು ಸಣ್ಣ ತಗ್ಗು, ಅಷ್ಟೇ. ಅಕ್ಕ ಸಂತೋಷಪಡಲಿಲ್ಲ. ಮೇಲಿನ ಚಂದವನ್ನು ಒಮ್ಮೆ ನಂಬಿ ಕೆಟ್ಟವಳು. ಸಿಸ್ಟರ್ ಕಡ್ಡಿ ತಾಗಿಸಿದಳು. ಇಳಿಯಲಿಲ್ಲ. ಪಕ್ಕಕ್ಕೆ ಓರೆ ಮಾಡಿ ತಾಗಿಸಿದಳು. ಇಳಿಯಲಿಲ್ಲ. ಸರ್ಜನ್ ಹೆಬ್ಬೆರಳಿಟ್ಟು ಹಿಂದಿನಿಂದ ಮುಂದಕ್ಕೆ ಒತ್ತಿದಳು, ಮೊದಲಿಗಿಂತ ಬಿಗಿಯಾಗಿ. ಹನಿಯಿಲ್ಲ. ಇನ್ನೊಮ್ಮೆ. ಹನಿಯಿಲ್ಲ. ತಳದಿಂದ ತುಂಬಿಕೊಂಡು ಬಂದಿದೆ, ಗಟ್ಟಿಯಿದೆ ಎಂದು ರೇಡಿಯೇಷನ್ ಡಾಕ್ಟರ ಕಡೆ ನೋಡಿದಳು. ಅವರು ತಲೆಯಾಡಿಸಿದರು.

ಅಕ್ಕ ಹಲಗೆ ಕೇಳಲಿಲ್ಲ. ಇಪ್ಪತ್ತು ದಿನದಿಂದ ಮನೆಯಲ್ಲಿ ಗುಟ್ಟಾಗಿ ಅಭ್ಯಾಸ ಮಾಡುತ್ತಿದ್ದ ನಾಲಿಗೆಯನ್ನು ಹೊಸ ದವಡೆಯೊಳಗೆ ಕಷ್ಟಪಟ್ಟು ತಿರುಗಿಸಿ, ಎಲ್ಲರ ಮುಂದೆ ಮೊದಲ ಸಲ ಮಾತಾಡಿದಳು.

“ಇವತ್ತೇ ಶುರು ಮಾಡಿ.”

“ನಾಳೆ ಅಮ್ಮ,” ಎಂದರು ರೇಡಿಯೇಷನ್ ಡಾಕ್ಟರ್. “ಮೆಷಿನ್ ನಾಳೆಗಿಟ್ಟಿದೆ.”

ತಮ್ಮ ಗೋಡೆಗೆ ಒರಗಿಕೊಂಡು ಹೊಟ್ಟೆ ಹಿಡಿದು ನಕ್ಕ. ನಗುನಗುತ್ತಲೇ ಅವನ ಕಣ್ಣಲ್ಲಿ ನೀರು ತುಂಬಿಕೊಂಡಿತು. ಅಕ್ಕ ಅವನಿಗೆ ಸೆರಗಿನ ತುದಿ ಕೊಟ್ಟಳು.

ನಲವತ್ತೊಂದನೇ ದಿನ ಹತ್ತೂವರೆಗೆ ಅವಳು ಮೆಷಿನ್ ಕೆಳಗೆ ಮಲಗಿದಳು. ವಾರಕ್ಕೆ ಐದು ದಿನ, ಒಟ್ಟು ಮೂವತ್ತು ಸಲ. ಶುರುಮಾಡುವುದರಷ್ಟೇ ಮುಖ್ಯ ಮಧ್ಯೆ ನಿಲ್ಲಿಸದೇ ಇರುವುದು ಎಂದು ಮೊದಲೇ ಹೇಳಿದ್ದರು. ಮೂರನೇ ವಾರಕ್ಕೆ ಬಾಯಿ ಹುಣ್ಣಾಯಿತು, ಗುಟುಕು ನೀರೂ ಮರದ ಹೊಟ್ಟಿನ ರುಚಿ ಎನಿಸತೊಡಗಿತು. ಕತ್ತಿನ ಚರ್ಮ ಕಪ್ಪಿಟ್ಟಿತು. ಸಿಸ್ಟರ್ ಕನಿಕರದಿಂದ ನೋಡಿದರೆ, ಪುಕ್ಕಟೆ ವಾಲ್‌ನಟ್ ಪಾಲಿಶ್ ಬಿದ್ದಿದೆ ನೋಡಿ, ಬಣ್ಣ ಮಾತ್ರ ಸ್ವಲ್ಪ ಗಾಢವಾಯಿತು ಎಂದು ತೊದಲುತ್ತ ಹೇಳಿದಳು. ಆದರೆ ಗದ್ದದ ಕೆಳಗಿನ ಆ ತಗ್ಗು ಬಾಯಿ ಬಿಡಲಿಲ್ಲ. ಒಂದು ದಿನವೂ ಬಿಡಲಿಲ್ಲ.

ಇಪ್ಪತ್ತೆರಡನೇ ಸಲದ ದಿನ ಬಸ್ಸುಗಳು ನಿಂತುಹೋದವು. ಚಾಲಕರೆಲ್ಲ ಕೆಲಸ ಬಿಟ್ಟು ಕೂತಿದ್ದರು. ಆಟೋದವರು ಯಾರೂ ಸಿಗಲಿಲ್ಲ. ಹತ್ತೂವರೆಗೆ ಇನ್ನು ಮುಕ್ಕಾಲು ಗಂಟೆ ಇತ್ತು. ತಮ್ಮ ಸಾಮಾನು ಸಾಗಿಸುವ ತನ್ನ ಮೂರು ಚಕ್ರದ ಗಾಡಿಯನ್ನು ಬಾಗಿಲಿಗೆ ತಂದು, ಅರ್ಧ ಕೆಲಸವಾದ ಒಂದು ದೊಡ್ಡ ಕೈಕುರ್ಚಿಯನ್ನು ಹಿಂದೆ ಇಟ್ಟು ಹಗ್ಗದಿಂದ ಬಿಗಿದು, ಹತ್ತಿ ಕೂರು ಎಂದ. ಅಕ್ಕ ಆ ಕುರ್ಚಿಯಲ್ಲಿ ಕೂತು, ಮೂಗಿನಲ್ಲಿ ನಳಿಕೆ, ಕತ್ತಿಗೆ ಬಿಳಿ ಬಟ್ಟೆ, ಸುತ್ತ ಮೇಜಿನ ಕಾಲುಗಳು, ಇಡೀ ಪೇಟೆಯ ಮಧ್ಯೆ ಸಾಗಿದಳು. ಬಾಗಿಲಲ್ಲಿ ನಿಂತಿದ್ದ ಅಂಗಡಿಯವರೆಲ್ಲ ಕೈಬೀಸಿದರು. ಅವಳೂ ರಾಣಿಯಂತೆ ಬೀಸಿದಳು. ದಾರಿಯುದ್ದಕ್ಕೂ ಕುರ್ಚಿಯ ಕೈಯನ್ನು ಸವರುತ್ತಿದ್ದವಳು ಆಸ್ಪತ್ರೆಯಲ್ಲಿ ಇಳಿಯುವಾಗ ಹೇಳಿದ್ದು, ಎಡಗೈ ಕಡೆ ಇನ್ನೂ ಉಜ್ಜಬೇಕು ಎಂದು. ಹತ್ತೂವರೆಗೆ ಎರಡು ನಿಮಿಷ ಬಾಕಿ ಇತ್ತು.

ಮೂವತ್ತೂ ಮುಗಿದವು. ಒಂದೂ ತಪ್ಪಲಿಲ್ಲ.

ಮೂರು ತಿಂಗಳ ನಂತರ ಸ್ಕ್ಯಾನ್ ಮಾಡಿದರು. ಕ್ಯಾನ್ಸರಿನ ಸುಳಿವಿರಲಿಲ್ಲ. ಕಾಲಿನಿಂದ ಬಂದ ಮೂಳೆ ದವಡೆಯ ಮೂಳೆಗೆ ಬೆಸೆದುಕೊಂಡಿತ್ತು. ಸರ್ಜನ್ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಮೊದಲು ತೋರಿಸಿದ್ದು ತಮ್ಮನಿಗೆ. ಅವನು ಕಿವಿಯ ಪೆನ್ಸಿಲ್ ತೆಗೆದು ಕೋನವನ್ನು ಗಾಳಿಯಲ್ಲೇ ಅಳೆದು, ಸಂದಿಲ್ಲದೆ ಕೂತಿದೆ ಎಂದು ಒಪ್ಪಿಗೆ ಕೊಟ್ಟ.

ಅಕ್ಕ ಈಗ ಮತ್ತೆ ಪರದೆಯ ಈಚೆ ಕೂರುತ್ತಾಳೆ. ಮಾತು ಸ್ವಲ್ಪ ತೊದಲು, ಊಟ ಮೆತ್ತಗಿರಬೇಕು, ಪಕ್ಕದಲ್ಲಿ ಸದಾ ನೀರಿನ ಬಾಟಲಿ. ಶೆಡ್ಡಿಗೆ ಮರಳಿದ ಮೊದಲ ದಿನ ಅವಳು ಮುಗಿಸಿದ್ದು ಆ ಕೈಕುರ್ಚಿಯನ್ನು. ಎಡಗೈ ಕಡೆ ಚೆನ್ನಾಗಿ ಉಜ್ಜಿ, ಒಂದು ಕೋಟು ಬಳಿದು, ಕುರ್ಚಿಯನ್ನು ಮಗುಚಿ ತಳದಲ್ಲಿ ಸೀಮೆಸುಣ್ಣದಿಂದ ಬರೆದಳು. ತಾರೀಕು, ಗಂಟೆ, ಇದಕ್ಕಿಂತ ಮೊದಲು ಮುಟ್ಟಬೇಡಿ. ಬರೆದು ಕೈ ಎತ್ತಲಿಲ್ಲ. ಅದರ ಕೆಳಗೆ ಇನ್ನೊಂದು ತಾರೀಕು ಹಾಕಿ ಎರಡನೇ ಸಾಲನ್ನೂ ಬರೆದಳು: ‘ಇದನ್ನು ದಾಟಬಾರದು.’

ಪರದೆ ಸರಿಸಿ ಬಂದ ತಮ್ಮ ಬಗ್ಗಿ ಓದಿದ. ಮತ್ತೊಮ್ಮೆ ಓದಿದ.

“ಗಿರಾಕಿಗೆ ಏನಂತ ಹೇಳ್ಲಿ ಅಕ್ಕಾ?”

“ಗುರುವಾರ ಹತ್ತೂವರೆಗೆ ಬರೋಕೆ ಹೇಳು,” ಎಂದಳು ಅಕ್ಕ, ಬ್ರಶ್ ತೊಳೆಯುತ್ತ. “ತಡ ಮಾಡ್ಕೊಂಡು ಬಂದ್ರೆ ಬೈತೀನಿ.”